ಜೋಳದ ಹಿಟ್ಟಿನ ಪಂಪಾಪತಿ ಸರ್

ಪಂಪಾಪತಿ ಸರ್ ಅವರ ಅಂಗಿಯ ಜೇಬಿನಲ್ಲಿ ಪೆನ್ನು ಇರುತ್ತಿರಲಿಲ್ಲ, ಜೋಳದ ಹಿಟ್ಟಿನ ಪೊಟ್ಟಣ ಇರುತ್ತಿತ್ತು. ಬಳ್ಳಾರಿಯ ಕಾಲೇಜಿನಲ್ಲಿ ನಮಗೆ ಇತಿಹಾಸ ಕಲಿಸುತ್ತಿದ್ದ ಅವರು ಭಾನುವಾರ ಬಂತೆಂದರೆ ನಮ್ಮನ್ನೆಲ್ಲ ಬಸ್ಸಿಗೆ ಹತ್ತಿಸಿ ಕುರುಗೋಡಿಗೆ ಕರೆದೊಯ್ಯುತ್ತಿದ್ದರು. ಅಲ್ಲಿನ ಗುಡಿಯ ಮುಂದಿನ ಶಾಸನದ ಕಲ್ಲಿಗೆ ಹಿಟ್ಟು ಸವರಿ, ಮೇಲಿನದನ್ನು ಅಂಗೈಯಿಂದ ಒರೆಸಿಬಿಟ್ಟರೆ ಸವೆದ ಅಕ್ಷರಗಳು ಬೆಳ್ಳಗೆ ಎದ್ದು ಕಾಣುತ್ತಿದ್ದವು. "ಓದ್ರಲೇ, ನಿಮ್ಮ ಮುತ್ತ್ಯಾನ ಮುತ್ತ್ಯಾ ಮಾತಾಡಾಕ ಹತ್ಯಾನ" ಎನ್ನುತ್ತಿದ್ದರು. ಓದಿ ಮುಗಿದ ಮೇಲೆ ಕಲ್ಲು ತೊಳೆಯದೆ ಯಾರನ್ನೂ ಊಟಕ್ಕೆ ಬಿಡುತ್ತಿರಲಿಲ್ಲ.

ಸಿರುಗುಪ್ಪದಿಂದ ಬರುತ್ತಿದ್ದ ನಾನು ಒಮ್ಮೆ ಧೈರ್ಯ ಮಾಡಿ, "ಇದರಿಂದ ನೌಕರಿ ಸಿಗತೈತೇನ್ರಿ ಸರ್?" ಎಂದು ಕೇಳಿದ್ದೆ.

"ಸಿಗಂಗಿಲ್ಲ. ಆದ್ರ ನೌಕರಿ ಮುಗಿಸಿ ಮನಿಗೆ ಬಂದ ಮ್ಯಾಲ ಏನ್ ಮಾತಾಡ್ತೀಲೇ? ಅದಕ್ಕ ಇದು ಬೇಕಾಗತೈತಿ" ಎಂದರು. ನಾನು ನಂಬಿದೆ. ಅವರು ಹೇಳಿದರೆ ಯಾರಾದರೂ ನಂಬುತ್ತಿದ್ದರು.

ಆಮೇಲೆ ಕಾಲ ತಿರುಗಿತು. ಡಿಗ್ರಿ ಎಂದರೆ ಪ್ಲೇಸ್‌ಮೆಂಟ್ ಎಂದಾಯಿತು. ಇತಿಹಾಸಕ್ಕೆ ಹುಡುಗರು ಕಡಿಮೆಯಾದಂತೆ, ಪ್ರಿನ್ಸಿಪಾಲರು ಸರ್‌ಗೆ ಇಂಟರ್‌ವ್ಯೂ ತರಬೇತಿಯ ಕ್ಲಾಸು ವಹಿಸಿದರು. ಕೈಕುಲುಕುವುದು, ಟೈ ಕಟ್ಟುವುದು, ಕುರ್ಚಿಯಲ್ಲಿ ಕೂರುವುದು, ಇದೇ ಪಾಠ. ಬಳ್ಳಾರಿಯ ಗಾಂಧಿನಗರದ ಚಹಾದಂಗಡಿಯಲ್ಲಿ ಸಿಕ್ಕಾಗ, "ನಗೋದು ಹೆಂಗ ಅಂತ ಕಲಿಸಾಕ ಹತ್ತೀನಲೇ. ನನಗ ನಗು ಬರವಲ್ದು" ಎಂದರು. ಅವರಿಗೆ ಈ ಗತಿ ತಂದ ಕಾಲೇಜಿನ ಮೇಲೆ ನನಗೆ ಸಿಟ್ಟು ಬಂತು.

ಅದಕ್ಕೇ ನನ್ನ ಮಗಳು ಪಿಯುಸಿ ಮುಗಿಸಿ, "ನಾನೂ ಹಿಸ್ಟರಿ ಓದ್ತೀನಪ್ಪಾ" ಎಂದಾಗ ಹಿಗ್ಗಿಹೋದೆ. ಆ ವರ್ಷ ಯಾರೂ ಸೇರದಿದ್ದರೆ ಇತಿಹಾಸ ವಿಭಾಗವನ್ನೇ ಮುಚ್ಚುತ್ತಾರೆ ಎಂಬ ಸುದ್ದಿ ಇತ್ತು. ನಾನು ಕೆಲಸ ಮಾಡುವ ಜೀನ್ಸ್ ಕಾರ್ಖಾನೆಗೆ ರಜೆ ಹಾಕಿ ಅವಳನ್ನು ಕರೆದುಕೊಂಡು ಹೋದೆ. ಸರ್ ಖಾಲಿ ಕ್ಲಾಸಿನಲ್ಲಿ ಕೂತಿದ್ದರು. ವಿಷಯ ಕೇಳಿ ಖುಷಿಪಡುತ್ತಾರೆ ಅಂದುಕೊಂಡರೆ, ಮುಖ ಗಂಟಿಕ್ಕಿದರು.

"ನನ್ನ ಮಾತು ಕೇಳಿ ಓದಿ, ನೀ ದಿನಾ ಪ್ಯಾಂಟ್ ಮಡಚಿ ಪೆಟ್ಟಿಗಿಗೆ ತುಂಬಾಕ ಹತ್ತೀದಿ. ಸಾಕಾಗಿಲ್ಲೇನು? ಈ ಕೂಸನ್ನ ಬಿ.ಕಾಂ.ಗೆ ಹಾಕು."

"ನೀವೇ ಹಿಂಗಂದ್ರ ಹೆಂಗ್ರಿ ಸರ್?"

"ನಾನೇ ಅನ್ನಬೇಕಲೇ. ಬ್ಯಾರೇದವ್ರು ಅಂದ್ರ ನೀ ಕೇಳಂಗಿಲ್ಲ."

ಅವರು ನನ್ನನ್ನು ಹಾಳು ಮಾಡಿರಲಿಲ್ಲ. ಆ ಭಾನುವಾರಗಳನ್ನು ಬಿಟ್ಟರೆ ನನ್ನ ಓದಿನಲ್ಲಿ ನೆನೆಯುವಂಥದ್ದು ಏನಿದೆ? ಅದನ್ನೂ ಹೇಳಿದೆ. ಅವರು ಎದ್ದುಹೋಗಿ ಬಿ.ಕಾಂ. ಅರ್ಜಿ ತಂದು ಮಗಳ ಕೈಗಿಟ್ಟರು.

ವಿಭಾಗ ಮುಚ್ಚಿತು. ಮಗಳು ಬಿ.ಕಾಂ. ಮುಗಿಸಿ ಪಾರ್ವತಿನಗರದ ಆಡಿಟರ್ ಆಫೀಸಿಗೆ ಸೇರಿದಳು. ಒಳ್ಳೆಯ ನೌಕರಿ, ಉಸಿರಾಡಲು ಪುರಸೊತ್ತಿಲ್ಲ. ಮೊನ್ನೆ ಸರ್ ತೀರಿಕೊಂಡ ಸುದ್ದಿ ಬಂದಾಗ ಅವಳಿಗೇ ಮೊದಲು ಫೋನ್ ಮಾಡಿ, "ಪಂಪಾಪತಿ ಸರ್ ಹೋಗಿಬಿಟ್ರವ್ವಾ" ಎಂದೆ.

"ಯಾವ ಸರ್, ಅಪ್ಪಾ?" ಎಂದಳು.