ಅಜ್ಜಿಯ ಬೆರಳು, ಶಿವಮಲ್ಲುವಿನ ಬಾಯಿ

ಅರವತ್ತರ ದಶಕದ ಆ ದಿನಗಳಲ್ಲಿ ಬಂಡಳ್ಳಿಯ ನಮ್ಮ ಬೀದಿಯಲ್ಲಿ ಹಲ್ಲುಜ್ಜುವ ಬ್ರಷ್ಷನ್ನು ಯಾರೂ ಕಂಡಿರಲಿಲ್ಲ. ದೊಡ್ಡವರಿಗೆ ಬೇವಿನ ಕಡ್ಡಿ. ಮಕ್ಕಳಿಗೆ ಇದ್ದಲು, ಉಪ್ಪು ಅರೆದ ಕರಿ ಪುಡಿ. ಅದನ್ನು ಉಜ್ಜಲು ಅಜ್ಜಿಯ ಬೆರಳು.

ನನ್ನ ಅಜ್ಜಿ ಹಿತ್ತಲ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, ನನ್ನನ್ನು ಮಡಿಲಿಗೆ ಎಳೆದುಕೊಂಡು ಉಜ್ಜುತ್ತಿದ್ದಳು. ಬೆರಳಿಗೆ ಒಲೆಯ ಹೊಗೆಯ ವಾಸನೆ. ಬಾಯಿ ಮುಕ್ಕಳಿಸಿದ ಮೇಲೆ ಮುಂದಿನ ಹಲ್ಲನ್ನು ಒದ್ದೆ ಬೆರಳಿನಿಂದ ಒಮ್ಮೆ ತಿಕ್ಕಿ ನೋಡುವಳು. ಕೀಚ್ ಎಂದು ಸದ್ದು ಬಂದರೆ ಹಲ್ಲು ಶುದ್ಧ. ಆಮೇಲೆ ಹಣೆಗೆ ವಿಭೂತಿ, ಕೈಗೆ ರೊಟ್ಟಿ.

ಇನ್ನೂ ಶಾಲೆಗೆ ಸೇರಿರಲಿಲ್ಲ, ನಾನೇ ಉಜ್ಜಿಕೊಳ್ಳುತ್ತೇನೆಂದು ಹಟ ಹಿಡಿದೆ. ಅಜ್ಜಿ ಒಂದು ಕರಟದಲ್ಲಿ ಪುಡಿ ಹಾಕಿಕೊಟ್ಟಳು. ಗಲ್ಲ, ಕತ್ತು, ಲಂಗವೆಲ್ಲ ಕರಿಯಾಯಿತು. ಆದರೆ ಹಲ್ಲು ಕೀಚ್ ಎಂದಿತು. ಅಜ್ಜಿ ಗೋಡೆಯಾಚೆಗೆ ಕೂಗಿದಳು:

"ಗೌರೀ, ನೋಡ್ಬಾಮ್ಮಿ! ನಮ್ ಮಾದೇವಿ ತಾನೇ ಅಲ್ಲುಜ್ಕಂಡವ್ಳೆ!"

ಪಕ್ಕದ ಮನೆಯ ಗೌರಿ ಇಣುಕಿದಳು. "ಅಲ್ಲುಜ್ಜಿದ್ಲೋ, ಮೊಕಕ್ಕೆ ಮಸಿ ಬಳ್ಕಂಡ್ಲೋ?"

"ನಿನ್ ಮಗ ಇಷ್ಟುದ್ದ ಬೆಳ್ದು ಇನ್ನೂವೆ ನಿನ್ ಮುಂದ್ ಬಾಯ್ ತಕ್ಕಂಡು ನಿಂತ್ಕತಾನಲ್ಲ, ಅದ್ನ ನೋಡ್ಕೊ ಓಗು."

ನಾನು ಬೀಗಿದೆ.

ಆ ತಿಂಗಳೇ ಯಳಂದೂರಿನಿಂದ ಅತ್ತೆ ಹೆರಿಗೆಗೆ ಬಂದರು. ಜೊತೆಗೆ ಮಗ ಶಿವಮಲ್ಲು, ನನಗಿಂತ ದೊಡ್ಡವನು. ತುಂಬು ಬಸುರಿಯಾದ ಅತ್ತೆಗೆ ಬಗ್ಗಲು ಆಗುತ್ತಿರಲಿಲ್ಲ. ಮರುದಿನ ನಾನು ಕರಟ ಹಿಡಿದು ಹಿತ್ತಲಿಗೆ ಬಂದಾಗ ಅವನು ಅಜ್ಜಿಯ ಮಡಿಲಲ್ಲಿದ್ದ.

"ಕಚ್ಬ್ಯಾಡ ಕಣ್ಲಾ! ಬೆರಳು ಅದು, ಕಬ್ಬಲ್ಲ!" ಅಜ್ಜಿ ಮೈ ಕುಲುಕಿಸಿ ನಗುತ್ತಿದ್ದಳು. ನನ್ನನ್ನು ಕೂರಿಸಿಕೊಂಡಾಗ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

"ಅಜ್ಜಿ, ನಂಗೂ ಉಜ್ಜು."

"ನಿಂಗ್ಯಾಕವ್ವ? ತೊಟ್ಟಿ ತಾವ ಓಗಿ ಉಜ್ಕ."

"ಅವ್ನು ನನ್ಗಿಂತ ದೊಡ್ಡೋನು."

"ಅವ್ನಿಗೆ ಬರಕಿಲ್ಲ. ನಿಂಗೆ ಬತ್ತದೆ."

ಶಿವಮಲ್ಲು ಕರಿ ಬಾಯಿ ತೆರೆದುಕೊಂಡೇ ನನ್ನತ್ತ ನೋಡಿದ. ಆ ಬಾಯಿಯನ್ನು ಮುಚ್ಚಿಬಿಡಬೇಕು ಅನ್ನಿಸಿತು. ತೊಟ್ಟಿಯ ಹತ್ತಿರ ಹೋದೆ. ಒಸಡು ಉರಿಯುವಷ್ಟು ಉಜ್ಜಿದೆ. ಅಷ್ಟು ಚೆನ್ನಾಗಿ ಯಾವತ್ತೂ ಉಜ್ಜಿರಲಿಲ್ಲ. ಮುಕ್ಕಳಿಸಿ ಓಡಿಬಂದು ಅಜ್ಜಿಯ ಮುಂದೆ ಬಾಯಿ ತೆರೆದು ನಿಂತೆ. ಸದ್ದು ನೋಡಲಾದರೂ ಆ ಬೆರಳು ಬರಲೇಬೇಕಿತ್ತು.

ಅಜ್ಜಿಯ ಒಂದು ಕೈ ಅವನ ಗಲ್ಲದ ಮೇಲಿತ್ತು, ಇನ್ನೊಂದು ಅವನ ಬಾಯೊಳಗೆ. ತಲೆಯೆತ್ತಿ ನನ್ನ ಹಲ್ಲು ನೋಡಿದಳು.

"ಇಲ್ಲಿಂದ್ಲೇ ಕಾಣ್ತದೆ ಕಣ್ಮಗ, ಬೆಳ್ಳಗವೆ. ಓಗು, ರೊಟ್ಟಿ ತಿನ್ನು."

ಬಾಣಂತನ ಮುಗಿಸಿ ಅತ್ತೆ ಹೋದರು, ಶಿವಮಲ್ಲುವೂ ಹೋದ. ಮಡಿಲು ಖಾಲಿಯಾಯಿತು. ಅಜ್ಜಿ ಕರೆಯಲಿಲ್ಲ, ನಾನೂ ಕೇಳಲಿಲ್ಲ.

ಈಚೆಗೆ ಒಂದು ಮದುವೆಯಲ್ಲಿ ಶಿವಮಲ್ಲು ಸಿಕ್ಕಿದ್ದ. ತಲೆಯೆಲ್ಲ ನರೆತಿದೆ. "ಅಜ್ಜಿ ಬೆರಳು ಉಪ್ಪುಪ್ಪು ಇರೋದು, ಅಲ್ವಾ ಮಾದೇವಿ?" ಎಂದು ನಕ್ಕ. ನಾನು ತಲೆಯಾಡಿಸಿದೆ. ಈ ವಯಸ್ಸಿನಲ್ಲೂ ಹೊಟ್ಟೆ ಉರಿಯಿತು.

ನನಗೆ ಹೊಸ ಹಲ್ಲು ಬರುವಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದಳು. ಅವಳ ಬೆರಳಿಗೆ ಗೊತ್ತಿದ್ದ ಹಾಲುಹಲ್ಲುಗಳೆಲ್ಲ ಒಂದೊಂದಾಗಿ ಬಿದ್ದು, ಹೆಂಚಿನ ಮೇಲೆ ಎಸೆದದ್ದಾಯಿತು. ಈಗ ನನ್ನ ಬಾಯಲ್ಲಿರುವ ಒಂದು ಹಲ್ಲನ್ನೂ ಅವಳು ಮುಟ್ಟಿಲ್ಲ.