ಒಂದೇ ಚಳಿಗಾಲದ ಹುಡುಗರು

ಮೊನ್ನೆ ಉಣ್ಣೆಯ ಬಟ್ಟೆ ಹುಡುಕುವಾಗ ಕಪಾಟಿನ ತಳದಲ್ಲಿ ಬಾಸ್ಕೆಟ್‌ಬಾಲ್ ಜರ್ಸಿಯೊಂದು ಸಿಕ್ಕಿತು. ಬೆನ್ನ ಮೇಲೆ ಇಲ್ಲಿನ ಕಾಲೇಜು ತಂಡದ ಮಾರ್ಕಸ್ ಎಂಬ ಹುಡುಗನ ಹೆಸರು. ಮಗಳಿಗೆಂದು ಕೊಂಡಿದ್ದೆ. ಅದು ಮೊದಲ ಸಲ ಒಗೆತಕ್ಕೆ ಬೀಳುವ ಹೊತ್ತಿಗೆ ಮಾರ್ಕಸ್ ತಂಡದಲ್ಲೇ ಇರಲಿಲ್ಲ. ಸ್ವಲ್ಪ ಉತ್ಪ್ರೇಕ್ಷೆ ಮಾಡುತ್ತಿದ್ದೇನೆ, ಒಪ್ಪಿದೆ. ಆದರೆ ಸ್ವಲ್ಪವೇ.

ನಿಮಗೆ ಈ ಆಟದ ಗೊಡವೆ ಇಲ್ಲದಿರಬಹುದು, ಅದಕ್ಕೇ ಹೇಳುತ್ತೇನೆ. ಇಲ್ಲಿ ಅಮೆರಿಕದಲ್ಲಿ ಒಳ್ಳೆಯ ಆಟಗಾರ ಕಾಲೇಜು ಸೇರುತ್ತಾನೆ, ಒಂದು ಚಳಿಗಾಲ ಆಡುತ್ತಾನೆ, ವಸಂತ ಬರುತ್ತಿದ್ದಂತೆ ವೃತ್ತಿಪರ ತಂಡ ಹುಡುಕಿಕೊಂಡು ಹೊರಡುತ್ತಾನೆ. ರೈಲು ಬದಲಿಸುವ ಜಂಕ್ಷನ್‌ನಲ್ಲಿ ಕಾಫಿ ಕುಡಿದಷ್ಟೇ ಹೊತ್ತು ಅವನ ಕಾಲೇಜು.

ಈ ಹುಚ್ಚು ನನಗೆ ಹಿಡಿಸಿದ್ದು ನಸ್ರೀನ್. ನಾವಿರುವ ಸ್ನೊಕ್ವಾಲ್ಮಿ ಊರಿನಲ್ಲಿ ನಮ್ಮ ಪಕ್ಕದ ಮನೆಯವಳು, ಬೆಲ್ವ್ಯೂ ಊರಿನ ಆಫೀಸಿಗೆ ನನ್ನ ಜೊತೆಗೇ ಹೋಗಿ ಬರುವವಳು. ಮೈಸೂರಿನಲ್ಲಿ ಕಾಲೇಜು ತಂಡಕ್ಕೆ ಆಡಿದ್ದಳು. ಡಿಗ್ರಿ ಮುಗಿಯುವತನಕ ಅದೇ ಹುಡುಗಿಯರು, ಕಣ್ಣು ಮುಚ್ಚಿಕೊಂಡೇ ಒಬ್ಬರಿಗೊಬ್ಬರು ಚೆಂಡು ಕೊಡುತ್ತಿದ್ದರಂತೆ. ಶನಿವಾರ ಮಧ್ಯಾಹ್ನ ಗ್ಯಾಲರಿಯಲ್ಲಿ ಕೂತು ಅವಳು ಆಟಗಾರರಿಗೆ ಕನ್ನಡದಲ್ಲೇ ಕೂಗಿ ಕೋಚಿಂಗ್ ಕೊಡುವುದು ನಮ್ಮ ಸುತ್ತಲಿನ ಅಮೆರಿಕನ್ನರಿಗೂ ಅಭ್ಯಾಸವಾಗಿದೆ.

ಮಾರ್ಕಸ್ ಬಂದ ವರ್ಷ ತಂಡದಲ್ಲಿ ಡ್ಯಾನಿ ಎಂಬ ಮೂರನೇ ವರ್ಷದವನಿದ್ದ. ಕುಳ್ಳ, ಆದರೆ ತಲೆ ಇದ್ದವನು. ಡ್ಯಾನಿ ಖಾಲಿ ಜಾಗಕ್ಕೆ ಚೆಂಡು ಎಸೆಯುತ್ತಿದ್ದ. ಎಲ್ಲಿಂದಲೋ ಬಂದು ಮಾರ್ಕಸ್ ಅಲ್ಲಿರುತ್ತಿದ್ದ. ಇನ್ನೊಂದು ವರ್ಷ ಇವರಿಬ್ಬರು ಜೊತೆಗಿದ್ದರೆ ರಾಷ್ಟ್ರೀಯ ಪಂದ್ಯಾವಳಿಗೆ ಹೋಗುವುದು ಖಂಡಿತ ಎಂದು ನಾವೆಲ್ಲ ನಂಬಿದ್ದೆವು.

ಏಪ್ರಿಲ್‌ನಲ್ಲಿ ಮಾರ್ಕಸ್ ಹೊರಟ. ನಾನು ಡ್ರೈವ್ ಮಾಡುತ್ತಿದ್ದೆ, ನಸ್ರೀನ್ ಫೋನಿನಲ್ಲಿ ಸುದ್ದಿ ಓದಿ ಹೇಳಿದಳು. ಆಮೇಲೆ, "ಇನ್ಮೇಲೆ ಯಾರ ಹೆಸರೂ ಕಲಿಯಲ್ಲ ಕಣೇ, ಸಾಕಾಯ್ತು" ಅಂದಳು. ಮನೆಯಲ್ಲಿ ನನ್ನ ಗಂಡ, ನೀವಿಬ್ಬರೂ ಎರಡು ವರ್ಷಕ್ಕೊಂದು ಕಂಪನಿ ಬಿಟ್ಟಾಗ ಯಾರಾದರೂ ಹೀಗೆ ಕಣ್ಣೀರು ಹಾಕಿದರಾ ಎಂದು ಕೇಳಿದರು. ನಾನು ಪಾತ್ರೆ ತೊಳೆಯಲು ಎದ್ದೆ.

ಮುಂದಿನ ಚಳಿಗಾಲದ ಆಟ ನೋಡಲಾಗುತ್ತಿರಲಿಲ್ಲ. ಮಾರ್ಕಸ್‌ನ ಹಿಂದೆಯೇ ಮಿಕ್ಕ ಹುಡುಗರೂ ತಂಡ ಬಿಟ್ಟು ಬೇರೆ ಕಾಲೇಜುಗಳಿಗೆ ಚದುರಿದ್ದರು. ಡ್ಯಾನಿ ಅಭ್ಯಾಸಬಲದಿಂದ ಅದೇ ಖಾಲಿ ಜಾಗಕ್ಕೆ ಚೆಂಡು ಎಸೆಯುತ್ತಿದ್ದ. ಅಲ್ಲಿ ಯಾರೂ ಇರುತ್ತಿರಲಿಲ್ಲ. ಚೆಂಡು ಗೆರೆ ದಾಟುತ್ತಿತ್ತು, ಜನ ಡ್ಯಾನಿಯನ್ನು ಬೈಯುತ್ತಿದ್ದರು.

ನಮ್ಮೂರ ಅಂಗಳದಲ್ಲಿ ನಡೆಯುವ ಕೊನೆಯ ಆಟದ ದಿನ, ಕಾಲೇಜು ಮುಗಿಸುತ್ತಿರುವ ನಾಲ್ಕನೇ ವರ್ಷದವರನ್ನು ತಂದೆತಾಯಿಯರ ಜೊತೆ ಅಂಕಣದ ಮಧ್ಯಕ್ಕೆ ಕರೆಯುವ ಪದ್ಧತಿ. ಹಿಂದೆಲ್ಲ ಅಲ್ಲೊಂದು ಸಾಲೇ ನಿಲ್ಲುತ್ತಿತ್ತು. ಆ ದಿನ ನಿಂತದ್ದು ಡ್ಯಾನಿ ಒಬ್ಬನೇ, ಪಕ್ಕದಲ್ಲಿ ಹೂಗುಚ್ಛ ಹಿಡಿದ ಅವನ ತಾಯಿ. ಅಷ್ಟು ದೊಡ್ಡ ಕ್ರೀಡಾಂಗಣದಲ್ಲಿ ಚಪ್ಪಾಳೆ ತೆಳ್ಳಗೆ ಕೇಳಿಸಿತು. ಆಟವನ್ನೂ ಸೋತೆವು.

ಹೊರಡುವಾಗ ಆ ತಾಯಿ ಬಾಗಿಲ ಬಳಿ ಮಗನಿಗಾಗಿ ಕಾಯುತ್ತಿದ್ದರು. ನನ್ನ ಬಾಯಿ ಸುಮ್ಮನಿರುವುದಲ್ಲ. ಆ ಮಾರ್ಕಸ್ ಒಂದು ವರ್ಷ ಉಳಿದಿದ್ದರೆ ನಿಮ್ಮ ಮಗನಿಗೆ ಈ ಗತಿ ಬರುತ್ತಿರಲಿಲ್ಲ ಎಂದುಬಿಟ್ಟೆ. ಅವರು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ್ದು ಇಷ್ಟು: "ಹೋಗಲೋ ಬೇಡವೋ ಅಂತ ಮಾರ್ಕಸ್ ಮೊದಲು ಕೇಳಿದ್ದೇ ನನ್ನ ಮಗನನ್ನ, ನಮ್ಮ ಅಡುಗೆಮನೆಯಲ್ಲಿ ಕೂತು. ಹೋಗು ಅಂದವನು ನನ್ನ ಮಗ."

ಹಾಗಾದರೆ ಅವನು ಉಳಿಯಲಿ ಎಂದು ಡ್ಯಾನಿಗೆ ಅನಿಸಲಿಲ್ಲವೇ ಎಂದು ಕೇಳಿದೆ.

"ತುಂಬಾ ಅನಿಸಿತ್ತು. ಅವನು ಹೋದಮೇಲೆ ನನ್ನ ಮಗ ಕಾರಿನಲ್ಲಿ ಒಬ್ಬನೇ ಕೂತಿದ್ದ, ಊಟಕ್ಕೂ ಬರಲಿಲ್ಲ."

ಪಕ್ಕದಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದ ನಸ್ರೀನ್ ನನ್ನ ಕಾರಿನಲ್ಲೇ ವಾಪಸು ಬಂದಳು. ಮನೆ ಮುಂದೆ ಇಳಿಯುವಾಗ ಅಂದಳು: "ಮೈಸೂರಿನ ನಮ್ ಟೀಮಲ್ಲಿ ಯಾರಾದ್ರೂ ಹಂಗೆ ಕೇಳಿದ್ರೆ, ನಾನು ಹೋಗು ಅಂತಿರ್ಲಿಲ್ಲ."

ನನ್ನ ರೇಗಾಟ ಇಂದಿಗೂ ಮುಗಿದಿಲ್ಲ. ಎರಡು ಚಳಿಗಾಲ ಉಳಿಸಿಕೊಳ್ಳಲಾಗದ ಹುಡುಗರ ಮುಖವನ್ನು ಗೋಡೆಯೆತ್ತರ ಅಂಟಿಸಿ ನಮಗೆ ಇಡೀ ಸೀಸನ್ನಿನ ಟಿಕೆಟ್ ಮಾರುವವರ ಮೇಲೆ ಅದು ಹಾಗೇ ಇದೆ. ಹುಡುಗರ ಮೇಲೆ ಮಾತ್ರ ಯಾಕೋ ಸಿಟ್ಟು ಬರುತ್ತಿಲ್ಲ. ಕಳೆದ ಶನಿವಾರ ಹೊಸಬನೊಬ್ಬ ಎಲ್ಲರನ್ನೂ ಎಬ್ಬಿಸಿ ನಿಲ್ಲಿಸುವಂತೆ ಆಡುತ್ತಿದ್ದ. ಹಿಂದಿನ ಸಾಲಿನ ಅಮೆರಿಕನ್ ಹಿರಿಯರೊಬ್ಬರು, ಇವನೂ ವಸಂತಕ್ಕೆ ಹೊರಡುತ್ತಾನೆ, ಹೆಚ್ಚು ಹಚ್ಚಿಕೊಳ್ಳಬೇಡಿ ಎಂದರು.

"ಹೋಗೋದಾದ್ರೆ ಹೋಗ್ಲಿ ಬಿಡಿ" ಎಂದೆ, ಕನ್ನಡದಲ್ಲೇ. ಅವರಿಗೆ ಅರ್ಥವಾಗಲಿಲ್ಲ. ಡ್ಯಾನಿ ಹೇಳಿದ ಆ ಮಾತು ನನಗೆ ಅರ್ಥವಾಗಿದೆ, ಆದರೆ ಗಂಟಲಲ್ಲಿ ಇನ್ನೂ ಸಲೀಸಾಗಿ ಇಳಿಯುತ್ತಿಲ್ಲ.