ಲಾಂಡ್ರಿ ಮೆಟ್ಟಿಲ ಮೇಲಿನ ಗಂಟು

ಬೀದಿಗೆಲ್ಲ ಅವಳು ಲಾಂಡ್ರಿ ಅಕ್ಕ. ಇಸ್ತ್ರಿ, ಗಿರಾಕಿ, ಜಗಳ ಇವೆಲ್ಲ ಅವಳ ಪಾಲು. ಹಿಂದಿನ ಕೋಣೆಯ ಮೆಷಿನ್ನು ಗಂಡನ ಪಾಲು. ಆತ ಒಳ್ಳೆಯವನೇ, ಆದರೆ ಮುಖ ತೊಳೆದ ಮೇಲೂ ಒಂದಷ್ಟು ಹೊತ್ತು ನಿದ್ದೆಯಲ್ಲೇ ಓಡಾಡುವ ಆಸಾಮಿ. "ಇವರ ಕಣ್ಣು ಏಳುತ್ತೆ, ಇವರು ಏಳಲ್ಲ" ಎಂದು ಅಕ್ಕ ಎಲ್ಲರೆದುರೇ ಆಡಿಕೊಳ್ಳುತ್ತಿದ್ದಳು.

ಮೆಷಿನ್ನಿನ ಬಿಸಿಗಾಳಿ ಹೊರಹೋಗಲು ಅಂಗಡಿಯ ಗೋಡೆಯಲ್ಲೊಂದು ಕಿಂಡಿ ಇತ್ತು. ಅದರ ಕೆಳಗಿನ ಮೆಟ್ಟಿಲಿಗೆ ಒಬ್ಬ ಮನೆಯಿಲ್ಲದ ಮುದುಕ ಬಂದು ಸೇರಿಕೊಂಡ. ರಾತ್ರಿ ಅಲ್ಲೇ ಮಲಗುವುದು, ಬೆಳಗ್ಗೆ ರಗ್ಗು ಸುತ್ತಿ ಗಂಟು ಕಟ್ಟಿಟ್ಟು ಮೂಲೆಯ ನಲ್ಲಿಗೆ ಮುಖ ತೊಳೆಯಲು ಹೋಗುವುದು. ಬೀದಿಯವರು ಅವನನ್ನು ಮೆಟ್ಟಿಲ ತಾತ ಅಂದರು. ಅಕ್ಕ ಏನಂದಳೋ ಅದನ್ನು ಇಲ್ಲಿ ಬರೆಯುವಂತಿಲ್ಲ. ಶುಭ್ರ ಬಟ್ಟೆಯ ವ್ಯಾಪಾರ ಮಾಡುವವರ ಬಾಗಿಲಲ್ಲೇ ನಾತ ಹೊಡೆದರೆ ಗಿರಾಕಿ ಯಾಕೆ ಬಂದಾನು? ಅವಳದೂ ಹೊಟ್ಟೆಪಾಡೇ ತಾನೆ.

ಹಾಗಾಗಿ ವರ್ತಕರ ಸಂಘದ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವಳು ಅವಳೇ. "ಬೀದೀಲಿ ಮಲಗೋರಿಗೆ ಜಾಗ ಬೇಡ ಅಂತಲ್ಲ. ನನ್ನ ಬಾಗಿಲೇ ಯಾಕೆ ಅಂತ" ಎಂದಳು. ಕೊನೆಗೆ ನಗರಸಭೆ ಕಾನೂನು ತಂದಿತು: ಫುಟ್‌ಪಾತಿನಲ್ಲಿ, ಅಂಗಡಿ ಮೆಟ್ಟಿಲಲ್ಲಿ ಹಾಸಿಗೆ ಹೊದಿಕೆ ಕಂಡರೆ ಅದು ಕಸದ ಲಾರಿಗೆ, ಮಲಗಿದವರು ವ್ಯಾನಿಗೆ, ವ್ಯಾನು ಊರಾಚೆಯ ಶಿಬಿರಕ್ಕೆ. ಅಕ್ಕ ಗೆದ್ದಳು. ಆದರೆ ಪಕ್ಕದ ಬೀದಿಯ ಹೆಂಗಸೊಬ್ಬಳು ಲಾರಿಗೆ ಬಿದ್ದ ತನ್ನ ಗಂಟಿಗಾಗಿ ವ್ಯಾನಿನ ಕಿಟಕಿಯಿಂದ ಕೈಚಾಚಿ ಅತ್ತದ್ದನ್ನು ಕಣ್ಣಾರೆ ಕಂಡ ಮೇಲೆ ಅವಳಿಗೆ ಅನ್ನ ಸೇರಲಿಲ್ಲ.

ಒಂದು ಬೆಳಗ್ಗೆ ಅದೇ ವ್ಯಾನು ಇವರ ಬೀದಿಗೆ ತಿರುಗಿತು. ಅಕ್ಕ ತಾತನನ್ನು ಎಲ್ಲಾದರೂ ದಾಟಿಸೋಣವೆಂದು ಇಸ್ತ್ರಿಪೆಟ್ಟಿಗೆ ಬಿಟ್ಟು ಹೊರಗೋಡಿದಳು. ಮೆಟ್ಟಿಲ ಮೇಲೆ ಗಂಟಿರಲಿಲ್ಲ. ತಾತ ಒದ್ದೆ ಮುಖದಲ್ಲೇ ಅತ್ತಿತ್ತ ತಡಕಾಡುತ್ತಿದ್ದ.

"ಏನಜ್ಜ, ಇಲ್ಲೇ ಮಲಗ್ತೀಯಂತೆ? ಅಂಗಡಿಯವರೇ ದೂರು ಕೊಟ್ಟಿದಾರೆ" ಎಂದ ನಗರಸಭೆಯ ಇನ್‌ಸ್ಪೆಕ್ಟರ್. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅಕ್ಕ ತಲೆ ತಗ್ಗಿಸಿದಳು. "ಹಾಸಿಗೆ ಎಲ್ಲಿ?" ಎಂದು ಇನ್‌ಸ್ಪೆಕ್ಟರ್ ತಾತನನ್ನು ಕೇಳಿದ.

"ನಾನೂ ಅದನ್ನೇ ಹುಡುಕ್ತಿದೀನಿ ಸ್ವಾಮಿ" ಎಂದ ತಾತ.

ಅಷ್ಟರಲ್ಲಿ ಗಂಡ ಒದ್ದೆ ತೋಳಿನಲ್ಲಿ ಹೊರಬಂದ. "ನೋಡೇ, ಲಾಡ್ಜಿನವರು ಎಂಥ ಕೊಳಕು ರಗ್ಗು ಕಳಿಸಿದಾರೆ. ಮೆಷಿನ್ ನೀರೆಲ್ಲ ಕಪ್ಪಾಗೋಯ್ತು."

ಲಾಡ್ಜಿನವರು ಒಗೆಯುವ ಬಟ್ಟೆಯ ಗಂಟುಗಳನ್ನು ಬೆಳಗ್ಗೆ ಆ ಮೆಟ್ಟಿಲ ಮೇಲೇ ಇಟ್ಟು ಹೋಗುತ್ತಿದ್ದರು. ನಿದ್ದೆಗಣ್ಣಿನ ಮಹಾರಾಯ ತಾತನ ಗಂಟನ್ನೂ ಅವುಗಳ ಜೊತೆಗೇ ಎತ್ತಿಕೊಂಡು ಹೋಗಿ ಮೆಷಿನ್ನಿಗೆ ಹಾಕಿಬಿಟ್ಟಿದ್ದ.

ಅಕ್ಕನ ನಾಲಿಗೆ ಯಾವತ್ತೂ ತಡ ಮಾಡಿದ್ದಿಲ್ಲ. "ಲಾಡ್ಜಿಂದಲ್ಲ ರೀ, ಈ ತಾತಂದು. ಇವರು ನಮ್ಮ ಗಿರಾಕಿ ಸಾರ್, ಬಟ್ಟೆ ಒಣಗಲಿ ಅಂತ ಕಾಯ್ತಿದಾರೆ. ಗಿರಾಕಿ ಮೆಟ್ಟಿಲ ಮೇಲೆ ಇರಬಾರದು ಅಂತಾನೂ ಕಾನೂನಿದೆಯಾ?"

ಇನ್‌ಸ್ಪೆಕ್ಟರ್ ಖಾಲಿ ಮೆಟ್ಟಿಲು ನೋಡಿದ. "ಹಾಸಿಗೆ ಇಲ್ಲದಿದ್ರೆ ನಮಗೇನು ಕೆಲಸ" ಎಂದು ವ್ಯಾನು ಹತ್ತಿದ. ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಕಣ್ಣೊರೆಸಿಕೊಳ್ಳುತ್ತ ನಕ್ಕಳು. "ನಿಮ್ಮ ನಿದ್ದೆಗಣ್ಣು ನೂರು ವರ್ಷ ಬಾಳಲಿ ರೀ" ಎಂದಳು. ಗಂಡನಿಗೆ ತಲೆಬುಡ ಅರ್ಥವಾಗಲಿಲ್ಲ.

ಸಂಜೆ ಅಕ್ಕ ರಗ್ಗು ಮಡಚಿ ಕೊಟ್ಟರೆ ತಾತ ಕೈ ಹಿಂದೆಗೆದ. "ಇದು ನಂದಲ್ಲಮ್ಮ. ನಂದು ಬೂದಿ ಬಣ್ಣ."

"ನಿಮ್ಮದೇ ತಾತ. ಕೊಳೆ ಹೋಯ್ತು, ನೀಲಿ ಬಂತು."

ತಾತ ಅಂಚನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ. "ಹೌದಲ್ಲ, ನೀಲಿ. ನನ್ನ ಹೆಂಡತಿ ಆರಿಸಿದ್ದು. ಮನೆ ಇದ್ದಾಗ" ಎಂದ.

ಅಕ್ಕ ರಗ್ಗನ್ನು ವಾಪಸು ಇಸಿದುಕೊಂಡು, ಕಾಯಂ ಗಿರಾಕಿಗಳ ಬಟ್ಟೆಗೆ ಹಾಕುವಂತೆ ಅದರ ಮೂಲೆಗೊಂದು ಗುರುತಿನ ದಾರ ಹೊಲಿದಳು. "ಇವತ್ತಿಂದ ಒಳಗೇ ಮಲಗಿ ತಾತ. ಹೊಸಿಲು ದಾಟಿದ ಮೇಲೆ ಅವರ ಕಾನೂನಿಲ್ಲ. ಮೆಷಿನ್ ಮಾತ್ರ ಮುಟ್ಟಬೇಡಿ, ಅದು ನಮ್ಮೆಜಮಾನರ ಎರಡನೇ ಹೆಂಡತಿ" ಎಂದು ಹಲ್ಲಿನಿಂದ ದಾರ ಕಡಿದಳು.